ಮುಚ್ಚಿದ ಪೆಟ್ಟಿಗೆಯೋ, ಪೋರ್ಟ್ ಇರುವ ಪೆಟ್ಟಿಗೆಯೋ: ಕಾರಿನ ಬಾಸ್‌ಗಾಗಿ ಮೂರು ಪ್ರಯೋಗಗಳ ಹೋಲಿಕೆ

ಕಾರಿನ ಬಾಸ್ ಸಮವಾಗಿಲ್ಲವೆನಿಸಿದಾಗ ನಾನು ಮೊದಲು ಬದಲಿಸಿದ್ದು ಸಬ್‌ವೂಫರನ್ನು, ಅಂದರೆ ತಳದ ಸ್ವರಗಳನ್ನು ನುಡಿಸುವ ದೊಡ್ಡ ಸ್ಪೀಕರನ್ನು. 10 ಇಂಚಿನದನ್ನು ತೆಗೆದು 12 ಇಂಚಿನದನ್ನು ಕೂಡಿಸಿದಾಗ ಸದ್ದು ಹೆಚ್ಚಿತೇ ಹೊರತು, ಒಂದು ಸ್ವರ ಗುಡುಗಿ ಮುಂದಿನ ಸ್ವರ ಕಾಣೆಯಾಗುವ ಏರುಪೇರು ಹಾಗೆಯೇ ಉಳಿಯಿತು. ಆದ್ದರಿಂದ 10 ಇಂಚಿನದಕ್ಕೇ ಮರಳಿ, ಆಂಪ್ಲಿಫೈಯರನ್ನೂ ಹಾಡುಗಳನ್ನೂ ಬದಲಿಸದೆ, ಪೆಟ್ಟಿಗೆಯನ್ನು ಮಾತ್ರ ಬದಲಿಸುತ್ತ ಹೋದೆ: 26 ಲೀಟರಿನ ಮುಚ್ಚಿದ ಪೆಟ್ಟಿಗೆ, 40 ಹರ್ಟ್ಸ್‌ಗೆ ಟ್ಯೂನ್ ಮಾಡಿದ 45 ಲೀಟರಿನ ಪೋರ್ಟ್ ಪೆಟ್ಟಿಗೆ, ಅದೇ ಪೆಟ್ಟಿಗೆ 32 ಹರ್ಟ್ಸ್‌ನಲ್ಲಿ. ಪೋರ್ಟ್ ಎಂದರೆ ಪೆಟ್ಟಿಗೆಯಿಂದ ಹೊರಕ್ಕೆ ತೆರೆದಿರುವ ಪೈಪ್, ಅದರೊಳಗಿನ ಗಾಳಿ ಅತಿ ಜೋರಾಗಿ ಕಂಪಿಸುವ ಆವರ್ತನವೇ ಟ್ಯೂನಿಂಗ್.

40 ಹರ್ಟ್ಸ್‌ನ ಟ್ಯೂನಿಂಗ್ ಮೊದಲ ಕೇಳ್ವಿಗೆ ಬಹಳ ಹಿಡಿಸುತ್ತದೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುವುದರಿಂದ ಆ ತಂತಿಯನ್ನು ಮೀಟಿದಾಗಲೆಲ್ಲ ಸೀಟು ನಡುಗುತ್ತಿತ್ತು. ಆದರೆ ಬೇರೆ ಸ್ವರಗಳಿಗೆ ಆ ಪಾಲು ಸಿಗಲಿಲ್ಲ. ಟ್ಯೂನಿಂಗ್‌ಗಿಂತ ಕೆಳಗೆ ಪೋರ್ಟ್ ಪೆಟ್ಟಿಗೆಯ ಧ್ವನಿ ಆಕ್ಟೇವ್‌ಗೆ (ಆವರ್ತನ ಅರ್ಧಕ್ಕಿಳಿಯುವ ಪ್ರತಿ ಹಂತಕ್ಕೆ) 24 ಡೆಸಿಬೆಲ್‌ನಂತೆ ಕುಸಿಯುತ್ತದೆ, ಜೊತೆಗೆ ಕೋನ್‌ಗೆ (ಸ್ಪೀಕರಿನ ಅಲುಗುವ ಪರದೆಗೆ) ಗಾಳಿಯ ಆಸರೆ ತಪ್ಪುವುದರಿಂದ, ಅತಿ ಕೆಳಗಿನ ಆವರ್ತನಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ವಾಲ್ಯೂಮ್ ಏರಿಸುವುದು ಅಪಾಯ.

32 ಹರ್ಟ್ಸ್‌ಗೆ ಇಳಿಸಲು 10 ಸೆಂಟಿಮೀಟರ್ ವ್ಯಾಸದ ಪೈಪನ್ನು 25ರಿಂದ 44 ಸೆಂಟಿಮೀಟರಿಗೆ ಉದ್ದ ಮಾಡಬೇಕೆಂದು ಲೆಕ್ಕ ಹೇಳಿತು. ನೇರವಾಗಿ ಹಿಡಿಸದಿದ್ದುದರಿಂದ ಎಲ್ಬೋ ಹಾಕಿ ಬಾಗಿಸಿದೆ. ಲೆಕ್ಕವನ್ನು ನಂಬುವ ಬದಲು ಒಂದೊಂದೇ ಹರ್ಟ್ಸ್ ಇಳಿಸುತ್ತ ಸೈನ್ ಟೋನ್ (ಒಂದೇ ಆವರ್ತನದ ಶುದ್ಧ ಧ್ವನಿ) ನುಡಿಸಿ, ಕೋನ್‌ನ ಅಂಚಿಗೆ ಬೆರಳು ತಾಗಿಸಿ ನೋಡಿದೆ. ಟ್ಯೂನಿಂಗ್ ಆವರ್ತನದಲ್ಲಿ ಕೋನ್ ಬಹುತೇಕ ನಿಶ್ಚಲವಾಗುತ್ತದೆ, ಪೋರ್ಟ್‌ನ ಬಾಯಿಗೆ ಹಿಡಿದ ಕಾಗದದ ಚೂರು ಮಾತ್ರ ಪಟಪಟನೆ ಬಡಿದುಕೊಳ್ಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು 31 ಹರ್ಟ್ಸ್‌ನಲ್ಲಿ ಆಯಿತು. 3 ಸೆಂಟಿಮೀಟರ್ ಕತ್ತರಿಸಿದ ಮೇಲೆ 32ಕ್ಕೆ ಬಂತು. ಈ 45 ಲೀಟರ್ ಎಂಬುದು ಪೈಪ್ ಮತ್ತು ಸಬ್‌ವೂಫರ್ ಒಳಗೆ ನುಂಗುವ ಜಾಗವನ್ನು ಕಳೆದ ಮೇಲಿನ ಲೆಕ್ಕ ಎಂಬುದನ್ನು ಮರೆಯಬಾರದು.

ಈ ಟ್ಯೂನಿಂಗ್‌ನಲ್ಲಿ ಗುಡುಗು ಮಾಯವಾಯಿತು. ಐದು ತಂತಿಯ ಬಾಸ್ ಗಿಟಾರಿನ 31 ಹರ್ಟ್ಸ್‌ನ ಸ್ವರವೂ ತುಂಬಿ ಬಂತು. ಆದರೂ 35ರ ಸುತ್ತ ಒಂದು ಉಬ್ಬು ಉಳಿಯಿತು, ಅದನ್ನು ಈಕ್ವಲೈಸರ್‌ನಲ್ಲಿ 5 ಡೆಸಿಬೆಲ್ ಇಳಿಸಬೇಕಾಯಿತು. ಕಾರಣ ಪೆಟ್ಟಿಗೆಯಲ್ಲ, ಕಾರಿನ ಒಳಾವರಣ. ಧ್ವನಿಯ ಅರ್ಧ ತರಂಗಾಂತರ ಕ್ಯಾಬಿನ್‌ನ ಉದ್ದವನ್ನು ಮೀರಿದಲ್ಲಿಂದ, ಅಂದರೆ ಎರಡೂವರೆ ಮೀಟರಿನ ಕ್ಯಾಬಿನ್‌ನಲ್ಲಿ ಹೆಚ್ಚುಕಡಿಮೆ 70 ಹರ್ಟ್ಸ್‌ನಿಂದ ಕೆಳಗೆ, ಕಾರೇ ಬಾಸನ್ನು ಎತ್ತಿಕೊಡುತ್ತದೆ.

ಮುಚ್ಚಿದ ಪೆಟ್ಟಿಗೆ ಗೆಲ್ಲುವುದು ಇಲ್ಲಿಯೇ. ನನ್ನ ಸಬ್‌ವೂಫರಿನ ಕ್ಯೂಟಿಎಸ್ (ಕೋನ್‌ನ ಕಂಪನ ಎಷ್ಟು ಹತೋಟಿಯಲ್ಲಿದೆ ಎಂಬ ಅಳತೆ) 0.45, ವಿಎಎಸ್ (ಕೋನ್‌ನ ತೂಗುಕಟ್ಟಿನಷ್ಟೇ ಮೆದುವಾಗಿ ಒತ್ತಿಕೊಳ್ಳುವ ಗಾಳಿಯ ಗಾತ್ರ) 40 ಲೀಟರ್. 26 ಲೀಟರಿನಲ್ಲಿ ಪೆಟ್ಟಿಗೆಯೂ ಸೇರಿದ ಒಟ್ಟು ಕ್ಯೂ 0.72ರ ಹತ್ತಿರ ಬರುತ್ತದೆ, ಉಬ್ಬಿಲ್ಲದ ಇಳಿಜಾರಿಗೆ ಬೇಕಾದದ್ದು 0.707. ಅದು ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ಇಳಿಯುವಲ್ಲಿ ಕ್ಯಾಬಿನ್ ಸರಿಸುಮಾರು ಅಷ್ಟೇ ಏರಿಸುತ್ತದೆ. ಕಿಟಕಿ ಇಳಿಸಿದ ಕ್ಷಣ ತಳದ ಧ್ವನಿ ತೆಳುವಾಯಿತು, ಏರಿಸಿದೊಡನೆ ಮರಳಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿರಲಿಲ್ಲ. ಪ್ರತಿಯೊಂದು ಸ್ವರವೂ ತನ್ನ ತೂಕದಲ್ಲೇ ಕೇಳುತ್ತದೆ, ಡ್ರಮ್‌ನ ಪೆಟ್ಟು ಬಿದ್ದು ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಹೆಚ್ಚಿನ ವಾಟ್‌ಗಳು ಮತ್ತು ಕೋನ್‌ನ ಹೆಚ್ಚಿನ ಓಡಾಟ: 32 ಹರ್ಟ್ಸ್‌ನ ಆಸುಪಾಸಿನಲ್ಲಿ ಪೋರ್ಟ್ ಪೆಟ್ಟಿಗೆ ಅದೇ ಶಕ್ತಿಗೆ ಎದ್ದುಕಾಣುವಷ್ಟು ಜೋರಾಗಿತ್ತು.

80 ಹರ್ಟ್ಸ್‌ನ ಬಳಿ ಮೂರರಲ್ಲೂ ಒಂದು ಹಳ್ಳ ಉಳಿದಿತ್ತು. ಸಬ್‌ವೂಫರಿನ ಪ್ಲಸ್ ಮತ್ತು ಮೈನಸ್ ವೈರ್‌ಗಳನ್ನು ಅದಲುಬದಲು ಮಾಡಿದೊಡನೆ ಅದು ತುಂಬಿತು. ಬಾಗಿಲಿನ ಸ್ಪೀಕರುಗಳೊಂದಿಗೆ ಫೇಸ್ (ಕಂಪನದ ಏರಿಳಿತದ ಹೊಂದಿಕೆ) ಹೊಂದುತ್ತಿರಲಿಲ್ಲ, ಅಷ್ಟೇ. ಜೋರಾದ ಬಾಸ್ ಮುಖ್ಯವೆನ್ನುವವರಿಗೆ 32 ಹರ್ಟ್ಸ್‌ನ ಪೋರ್ಟ್ ಪೆಟ್ಟಿಗೆಯನ್ನು, ಈಕ್ವಲೈಸರ್ ಇದ್ದರೆ ಮಾತ್ರ, ಸೂಚಿಸುತ್ತೇನೆ. ನನ್ನ ಡಿಕ್ಕಿಯಲ್ಲಿ ಈಗ ಇರುವುದು 26 ಲೀಟರಿನ ಮುಚ್ಚಿದ ಪೆಟ್ಟಿಗೆ.