ಸೆಕೆಂಡ್ ಹ್ಯಾಂಡ್, ಮಿನಿ, ಜೋಡಿಸಿದ ಟವರ್: ಮೂರರಲ್ಲೂ ಕೆಲಸ ಮಾಡಿ ನೋಡಿದೆ

ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲೇ ಕೂತು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಇಲ್ಲಿನ ಕನ್ನಡಿಗರ ಮದುವೆ ಕಾಗದ, ಸಂಘಗಳ ಸ್ಮರಣ ಸಂಚಿಕೆ, ಇಂಥವು. ಮನೆಗೆ ಒಂದೇ ಕಂಪ್ಯೂಟರ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಮಧ್ಯಮ ಬೆಲೆಯ ಟವರ್, ಅಂದರೆ ನಿಲ್ಲಿಸಿಡುವ ದೊಡ್ಡ ಡಬ್ಬದ ಕಂಪ್ಯೂಟರ್, ಬಿಡಿಭಾಗ ತಂದು ಜೋಡಿಸಿಕೊಳ್ಳಿ.

ಮೊದಲು ನನ್ನ ಹತ್ತಿರ ಇದ್ದದ್ದು ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಟವರ್. 4ನೇ ಜನರೇಶನ್ ಐ5 ಪ್ರೊಸೆಸರ್, ಬೆಲೆ 9 ಸಾವಿರ. ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡೋಕೆ ಏನೂ ತೊಂದರೆ ಇರಲಿಲ್ಲ. ಒಂದು ದಿನ ಪವರ್ ಸಪ್ಲೈ ಹೋಯಿತು. ಅದರ ಅಳತೆ ಬೇರೆ, ಪಿನ್ನೂ ಬೇರೆ. ಮಾಮೂಲಿ ಸಪ್ಲೈ ಕೂರಲೇ ಇಲ್ಲ. ಅಷ್ಟು ಹಳೆಯ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲವಂತೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಆಮೇಲೆ ಮಿನಿ ಪಿಸಿ. ಊಟದ ಡಬ್ಬಿಯಷ್ಟೇ ಗಾತ್ರ, ಕರೆಂಟೂ ಕಡಿಮೆ. ನಮ್ಮಂಥ ಇಕ್ಕಟ್ಟಿನ ಮನೆಗೆ ಇದು ನಿಜಕ್ಕೂ ಅನುಕೂಲ. ಬರೀ ಪತ್ರ, ಲೆಕ್ಕ, ವಿಡಿಯೋ ಕಾಲ್ ಅಷ್ಟೇ ಇದ್ದರೆ ಇದನ್ನೇ ತಗೊಳ್ಳಿ. ಆದರೆ ಮೇ ತಿಂಗಳ ಮಧ್ಯಾಹ್ನ, ಫೋಟೋ ತುಂಬಿದ 64 ಪುಟದ ಸಂಚಿಕೆ ಹಿಡಿದು ಕೂತಾಗ ಅದು ಸೋತಿತು. ಮೇಲೆ ಕೈ ಇಟ್ಟರೆ ಕಾದ ಕಾವಲಿ. ಬಿಸಿ ಏರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ರ‍್ಯಾಮ್ ಹೆಚ್ಚಿಸೋಣ ಅಂದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು.

2024ರ ಜೂನ್‌ನಲ್ಲಿ ಗ್ರಾಂಟ್ ರೋಡ್ ಸ್ಟೇಷನ್‌ಗೆ ಇಳಿದು ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವರು ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟು, ಗ್ರಾಫಿಕ್ಸ್ ಕಾರ್ಡ್ ಎಲ್ಲ ತೋರಿಸಿದರು. ನನ್ನ ಕೆಲಸಕ್ಕೆ ಅದ್ಯಾವುದೂ ಬೇಡ. ರೈಜೆನ್ 5 5600ಜಿ ಪ್ರೊಸೆಸರ್ ತಗೊಂಡೆ: 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ಸಾಗಿಸಬಲ್ಲ ಕೆಲಸ), ಗ್ರಾಫಿಕ್ಸ್ ಒಳಗೇ ಇದೆ. ಆ ಗ್ರಾಫಿಕ್ಸ್ ಬಳಸುವುದು ರ‍್ಯಾಮನ್ನೇ. ಅದಕ್ಕೇ 16 ಜಿಬಿಯ ಒಂದು ಕಡ್ಡಿ ಬೇಡ, 8 ಜಿಬಿಯ ಎರಡು ಹಾಕಿಸಿ; ಎರಡಿದ್ದರೆ ಡೇಟಾ ಎರಡು ದಾರಿಯಲ್ಲಿ ಒಟ್ಟಿಗೆ ಓಡುತ್ತದೆ. ಎಸ್‌ಎಸ್‌ಡಿ ಕೂರುವ ಪಿಸಿಐಇ ಎಂಬ ಸಂಪರ್ಕದಲ್ಲಿ ಈ ಪ್ರೊಸೆಸರ್ 3ನೇ ಜನರೇಶನ್ ತನಕ ಮಾತ್ರ ಹೋಗುತ್ತದೆ, ಹಾಗಾಗಿ 4ನೇ ಜನರೇಶನ್ ಎಸ್‌ಎಸ್‌ಡಿಗೆ ಸುಮ್ನೆ ಜಾಸ್ತಿ ಕೊಡಬೇಡಿ. ಉಳಿದ ದುಡ್ಡನ್ನು ಒಳ್ಳೆಯ ಪವರ್ ಸಪ್ಲೈಗೆ ಹಾಕಿ. ನಾನು ಹಾಕಿಸಿದ್ದು 450 ವ್ಯಾಟಿನದು, ಕರೆಂಟ್ ಉಳಿತಾಯಕ್ಕೆ ಕೊಡುವ ‘ಬ್ರಾಂಜ್’ ದರ್ಜೆಯದು. ಹಳೇ ಮಾನಿಟರ್, ಕೀಬೋರ್ಡ್ ಉಳಿಸಿಕೊಂಡೆ, ಒಟ್ಟು 33 ಸಾವಿರ ಆಯಿತು. ನಾಳೆ 8 ಕೋರ್ ಬೇಕೆನಿಸಿದರೆ ಇದೇ ಬೋರ್ಡಿಗೆ 5700ಜಿ ಕೂರುತ್ತದೆ.

ಅದೇ 64 ಪುಟದ ಫೈಲನ್ನು ಇದರಲ್ಲಿ ತೆರೆದೆ. ಪುಟ ತಿರುಗಿಸಿದರೆ ಫೋಟೋ ತಕ್ಷಣ ಬಂತು, ಫ್ಯಾನಿನ ಸದ್ದೂ ಏರಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಸ್ಕ್ರೀನ್ ಕಪ್ಪು. ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದೆ, ರ‍್ಯಾಮ್ ಹೊರಗೆಳೆದೆ. ಚಿನ್ನದ ಬಣ್ಣದ ಪಟ್ಟಿಯ ಮೇಲೆ ಮಬ್ಬು ಕೂತಿತ್ತು. ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಸ್ಕ್ರೀನ್ ಬಂತು. ಅವತ್ತೇ ಕೊಡಬೇಕಿದ್ದ ಮದುವೆ ಕಾಗದ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಯಿತು.