ಥರ್ಡ್ ಪಾರ್ಟಿಯೋ, ಫುಲ್ ಇನ್ಶೂರೆನ್ಸೋ: ಕೊಟ್ಟಾರ ಚೌಕಿ ದಾಟುವವರಿಗೆ

ಮಂಗಳೂರಿನ ಮಳೆಗಾಲದಲ್ಲಿ ದಿನಾ ಕಾರು ಹೊರಗೆ ತೆಗೆಯುವವರಾದರೆ ಫುಲ್ ಇನ್ಶೂರೆನ್ಸ್ (ನಮ್ಮ ಕಾರಿನ ಹಾನಿಗೂ ದುಡ್ಡು ಕೊಡುವ ವಿಮೆ) ಜತೆ, ನೀರು ನುಗ್ಗಿ ಎಂಜಿನ್ ಕೆಟ್ಟರೆ ಖರ್ಚು ಕೊಡುವ ಎಂಜಿನ್ ಪ್ರೊಟೆಕ್ಟ್ ಹಾಕಿಸಿಕೊಳ್ಳಿ. ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ಉಳಿದ ಆ್ಯಡ್-ಆನ್‌ಗಳನ್ನು ಆಮೇಲೆ ನೋಡಿದರಾಯಿತು. ಎದುರಿನವರ ನಷ್ಟಕ್ಕಷ್ಟೇ ಇರುವ ಬರೀ ಥರ್ಡ್ ಪಾರ್ಟಿ, ಸಾದಾ ಫುಲ್ ಇನ್ಶೂರೆನ್ಸ್, ಈಗ ನಾನು ಕಟ್ಟುತ್ತಿರುವುದು, ಈ ಮೂರನ್ನೂ ನಮ್ಮ ಮನೆಯವರ ಕಾರುಗಳಲ್ಲೇ ಕಂಡು ಈ ಮಾತು ಹೇಳುತ್ತಿದ್ದೇನೆ.

ಕಾರಿನ ಮಟ್ಟಿಗೆ ಕಾನೂನು ಕೇಳುವುದು ಥರ್ಡ್ ಪಾರ್ಟಿ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯಂತೆ ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದರ ಸರ್ಕಾರವೇ ಗೊತ್ತುಮಾಡುವುದರಿಂದ ಚೌಕಾಸಿಗೆ ಜಾಗವಿಲ್ಲ. 2022ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ 1,000ದಿಂದ 1,500 ಸಿ.ಸಿ. ಒಳಗಿನ ಕಾರಿಗೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಇದರ ಜತೆಗೆ ಮಾಲೀಕರೇ ಓಡಿಸುವುದಾದರೆ ಅವರಿಗೆ 15 ಲಕ್ಷದ ಅಪಘಾತ ವಿಮೆಯೂ ಇರಬೇಕು. ಅದು ಬೇರೆ ಕಡೆ ಈಗಾಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ. ಏಜೆಂಟರಿಗೆ ಮೊದಲೇ ಹೇಳಿ.

ನಮ್ಮ ಹಳೇ ಕಾರಿಗೆ ಕೊನೆಯ ವರ್ಷಗಳಲ್ಲಿ ಇದ್ದದ್ದು ಇಷ್ಟೇ. ಮಾರಿದರೆ ಹೆಚ್ಚೇನೂ ಬಾರದ ಗಾಡಿಗೆ ಅದು ಸರಿಯಾದ ಲೆಕ್ಕ. ಅಂಗಳದಲ್ಲಿ ನಿಲ್ಲಿಸಿದ್ದಾಗ ಬಾನೆಟ್ ಮೇಲೆ ತೆಂಗಿನಕಾಯಿ ಬಿತ್ತು, ಟಿಂಕರಿಂಗ್ ಖರ್ಚು ಪೂರ್ತಿ ನಮ್ಮದೇ ಆಯಿತು. ಥರ್ಡ್ ಪಾರ್ಟಿ ಇರುವುದು ನಮ್ಮಿಂದ ಎದುರಿನವರಿಗೆ ಆಗುವ ನಷ್ಟಕ್ಕೆ. ಅದನ್ನು ಹಗುರವಾಗಿ ಕಾಣಬಾರದು: ಸಾವು, ಗಾಯಕ್ಕೆ ನ್ಯಾಯಮಂಡಳಿ ಎಷ್ಟು ಪರಿಹಾರ ಬರೆದರೂ ಕಂಪನಿಯೇ ಕೊಡಬೇಕು, ಮಿತಿಯಿಲ್ಲ. ಆಸ್ತಿ ಹಾನಿಗೆ 7.5 ಲಕ್ಷದವರೆಗೆ.

ಇನ್ನು ಸಾದಾ ಫುಲ್ ಇನ್ಶೂರೆನ್ಸ್. ಇದರ ತೊಡಕು ಗೊತ್ತಾದದ್ದು ಭಾವನ ಕಾರಿನಿಂದ. ಜೋರು ಮಳೆಯ ಒಂದು ಸಂಜೆ ಕೊಟ್ಟಾರ ಚೌಕಿಯಲ್ಲಿ ನೀರು ಬಂಪರ್ ಮಟ್ಟಕ್ಕೆ ನಿಂತಿತ್ತು. ನಡುವೆ ಕಾರು ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಭಾವ ಮತ್ತೆ ಸ್ಟಾರ್ಟ್ ಮಾಡಿದರು. ಯಾರಾದರೂ ಮಾಡುವುದು ಅದನ್ನೇ. ಆದರೆ ಗಾಳಿ ಎಳೆಯುವ ದಾರಿಯಿಂದ ಸಿಲಿಂಡರ್ ಒಳಗೆ ನೀರು ಹೋಗಿತ್ತು. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು.

"ನೆರೆಗೆ ಕವರ್ ಉಂಟಲ್ಲ?" ಎಂದು ಭಾವ ಏಜೆಂಟರನ್ನು ಕೇಳಿದರು. "ಉಂಟು, ಆದರೆ ಎಂಜಿನ್‌ಗೆ ಇಲ್ಲ ಮಾರಾಯ್ರೆ" ಎಂದರು ಅವರು. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ಹೇಳಿದ್ದೂ ಅದನ್ನೇ. ಸೀಟು, ಕಾರ್ಪೆಟ್, ವಯರಿಂಗ್ ಒದ್ದೆಯಾದದ್ದು ನೇರ ಹಾನಿ, ಅದಕ್ಕೆ ದುಡ್ಡು ಬರುತ್ತದೆ. ನೀರಿನಲ್ಲಿ ಸ್ಟಾರ್ಟ್ ಮಾಡಿದ್ದರಿಂದ ಎಂಜಿನ್ ಹೋದದ್ದು ಆಮೇಲಿನ ಹಾನಿ, ಅದು ಪಾಲಿಸಿಯ ಹೊರಗೆ. ಬಿಲ್ಲಿನ ದೊಡ್ಡ ಪಾಲು ಎಂಜಿನ್ನಿನದೇ. ಪ್ರತಿವರ್ಷ ತಪ್ಪದೆ ಫುಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಇದು ನನ್ನ ಪ್ರಕಾರ ಅನ್ಯಾಯ. ಕರಾವಳಿಯಲ್ಲಿ ಪಾಲಿಸಿ ಮಾರುವವರು ಇದನ್ನು ಮೊದಲ ಮಾತಾಗಿ ಹೇಳಬೇಕು.

ಈ ಕೊರತೆಯನ್ನು ತುಂಬುವುದು ಎಂಜಿನ್ ಪ್ರೊಟೆಕ್ಟ್. ನನ್ನ 1,197 ಸಿ.ಸಿ. ಪೆಟ್ರೋಲ್ ಕಾರಿಗೆ ಅದರ ಹೆಚ್ಚುವರಿ ಹಣ ಒಂದು ಸರ್ವಿಸ್ ಬಿಲ್ಲಿಗಿಂತ ತೀರ ಕಡಿಮೆ. ಕಾರಿಗೆ ವಯಸ್ಸಾದ ಮೇಲೆ ಬಹಳ ಕಂಪನಿಗಳು ಇದನ್ನು ಕೊಡುವುದಿಲ್ಲ, ಹಾಗಾಗಿ ಹೊಸತಿರುವಾಗಲೇ ಹಾಕಿಸಿ, ನಡುವೆ ಬಿಡಬೇಡಿ. ಇದು ಇದೆಯೆಂದು ನೀರಿನಲ್ಲಿ ಕೀಲಿ ತಿರುಗಿಸುತ್ತಾ ಕೂರುವುದೂ ಬೇಡ. ಗಾಡಿ ನಿಂತರೆ ನ್ಯೂಟ್ರಲ್‌ಗೆ ಹಾಕಿ ತಳ್ಳಿಸಿ, ಫೋಟೊ ತೆಗೆದಿಟ್ಟುಕೊಳ್ಳಿ, ಟೋಯಿಂಗ್‌ಗೆ ಫೋನ್ ಮಾಡಿ.

ಬಂಪರ್ ಟು ಬಂಪರ್ ಎನ್ನುವ ಝೀರೋ ಡೆಪ್ (ಸವಕಳಿ ಕಳೆಯದೆ ಬಿಡಿಭಾಗಗಳ ಬೆಲೆ ಕೊಡುವ ಆ್ಯಡ್-ಆನ್) ಒಳ್ಳೆಯದೇ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತವಾಗುತ್ತದೆ. ಆದರೂ ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನನ್ನ ಆಯ್ಕೆ ಎಂಜಿನ್: ಬಂಪರ್ ಒಡೆದರೆ ಒಂದು ತಿಂಗಳ ಸಂಬಳದಲ್ಲಿ ಸುಧಾರಿಸಬಹುದು, ಎಂಜಿನ್ ಹೋದರೆ ಆಗದು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ಎನ್‌ಸಿಬಿ ಬಗ್ಗೆ ಒಂದೇ ಮಾತು: ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ರಿಯಾಯಿತಿ ಹೋಗುತ್ತದೆ.

ಮಣಿಪಾಲದ ಗುಡ್ಡದ ಮೇಲೆ ಮನೆಯಿದ್ದು ಜೋರು ಮಳೆಗೆ ಕಾರು ಶೆಡ್‌ನಲ್ಲೇ ಇಡುವವರಿಗೆ ಸಾದಾ ಫುಲ್ ಇನ್ಶೂರೆನ್ಸ್ ಸಾಕು. ಕೂಳೂರು, ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ಕಡೆ ದಿನಾ ಹೋಗಿಬರುವವರು ಜೂನ್‌ಗೆ ಮೊದಲೇ ಪಾಲಿಸಿಯ ಷೆಡ್ಯೂಲ್ ತೆರೆದು ಎಂಜಿನ್ ಪ್ರೊಟೆಕ್ಟ್ ಎಂಬ ಸಾಲು ಅಚ್ಚಾಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಏಜೆಂಟರು "ಎಲ್ಲ ಉಂಟು" ಎಂದದ್ದು ಕ್ಲೇಮಿಗೆ ಬರುವುದಿಲ್ಲ.