ನೇಪಾಳದ ಹಳ್ಳಿಯಲ್ಲಿ ಇಂಗ್ಲಿಷ್ ಪಾಠ: ಏಜೆನ್ಸಿ ಪ್ಯಾಕೇಜಾ, ನೇರವಾಗಿ ಆಮಾ ಮನೆಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಮ್‌ಜುಂಗ್ ಜಿಲ್ಲೆಯ ಆಮಾ ಮನೆಗೆ. ಆಮಾ ಅಂದರೆ ನೇಪಾಳಿಯಲ್ಲಿ ಅಮ್ಮ. 2023ರಲ್ಲಿ ಎರಡು ಸಲ ನೇಪಾಳಕ್ಕೆ ಹೋಗಿದ್ದೆ. ಎರಡು ಸಲವೂ ಹಳ್ಳಿ ಮನೆಯಲ್ಲಿದ್ದುಕೊಂಡು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ಮೊದಲನೆಯದು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಹೋದ ಪ್ಯಾಕೇಜ್. ಪೋಖರಾ ಹತ್ತಿರದ ಒಂದು ಹಳ್ಳಿ, 4 ವಾರ, 38,000 ರೂಪಾಯಿ. ಎರಡನೆಯದು ಲಮ್‌ಜುಂಗ್, ಅದಕ್ಕೆ ಏಜೆನ್ಸಿ ಇಲ್ಲ, ಪ್ಯಾಕೇಜ್ ಇಲ್ಲ. ಶಾಲೆಯ ಹೆಡ್ ಸರ್ ಜೊತೆ ನಾನೇ ಫೋನಿನಲ್ಲಿ ಮಾತಾಡಿಕೊಂಡು ಹೋಗಿ ಎರಡು ತಿಂಗಳು ಇದ್ದೆ. ಅವರ ನಂಬರ್ ಕೊಟ್ಟದ್ದು ಮೊದಲ ಮನೆಯ ದೀದಿ. ಅವರ ತವರು ಅದೇ ಊರು.

ಹಾಸನದಲ್ಲಿ ಹನ್ನೊಂದು ವರ್ಷ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಕೆಲಸ ಬಿಟ್ಟವಳು ನಾನು. ಹಾಗಾಗಿ ಮನೆ ಹೇಗಿತ್ತು ಅನ್ನುವುದಕ್ಕಿಂತ ಕ್ಲಾಸಿನಲ್ಲಿ ಏನಾಯಿತು ಅನ್ನುವುದೇ ನನಗೆ ಮುಖ್ಯ.

ಪ್ಯಾಕೇಜ್ ಮನೆಯ ಬಗ್ಗೆ ದೂರಿಲ್ಲ. ರೂಮಿಗೇ ಬಾತ್‌ರೂಮ್, ಬಿಸಿನೀರು, ವೈಫೈ. ಬೆಳಗ್ಗೆ ಕಿಟಕಿ ತೆಗೆದರೆ ಎದುರಿಗೇ ಮಚ್ಛಾಪುಚ್ಛ್ರೆ ಬೆಟ್ಟ. ದೀದಿ ಬಂಗಾರದಂಥ ಹೆಂಗಸು. ತೊಂದರೆ ಇದ್ದದ್ದು ಶಾಲೆಯಲ್ಲಿ. ಮೊದಲ ದಿನ ಮೂರನೇ ಕ್ಲಾಸಿಗೆ ಹೋಗಿ ಬೋರ್ಡ್ ಮೇಲೆ ಬಣ್ಣಗಳ ಹೆಸರು ಬರೆಯಲು ಶುರು ಮಾಡಿದೆ. ನಾನು ಬರೆದು ಮುಗಿಸುವ ಮೊದಲೇ ಮಕ್ಕಳು ರೆಡ್, ಬ್ಲೂ, ಗ್ರೀನ್ ಅಂತ ಒಂದೇ ರಾಗದಲ್ಲಿ ಕೂಗಿ ಮುಗಿಸಿದರು. ಮುಂದಿನ ಬೆಂಚಿನ ಹುಡುಗಿಯ ನೋಟ್‌ಬುಕ್ ತೆಗೆದು ನೋಡಿದೆ. ಅದರಲ್ಲಿ ನಾಲ್ಕು ಕಾಮನಬಿಲ್ಲುಗಳಿದ್ದವು. ನಾಲ್ಕರ ಕೆಳಗೂ ಅವೇ ಬಣ್ಣಗಳ ಹೆಸರು, ಪಕ್ಕದಲ್ಲಿ ಕೆಂಪು ಪೆನ್ನಿನ 'ಗುಡ್'. ನಾಲ್ಕು 'ಗುಡ್'ಗಳ ಕೈಬರಹವೂ ಬೇರೆ ಬೇರೆ. ಎರಡು ವಾರಕ್ಕೊಬ್ಬರು, ನಾಲ್ಕು ವಾರಕ್ಕೊಬ್ಬರು ಬರುತ್ತಾರೆ. ಹಿಂದಿನವರು ಎಲ್ಲಿಗೆ ನಿಲ್ಲಿಸಿದ್ದರು ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಎಲ್ಲರೂ ಕಾಮನಬಿಲ್ಲಿನಿಂದಲೇ ಶುರು ಮಾಡುತ್ತಾರೆ. ನಾನು ಆ ಹುಡುಗಿಯನ್ನು ಇವತ್ತು ಬೆಳಗ್ಗೆ ಏನು ತಿಂದೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು.

ಹಿಂದಿನವರು ಏನು ಕಲಿಸಿದ್ದಾರೆ, ಒಂದು ಪಟ್ಟಿ ಕೊಡಿ ಅಂತ ಏಜೆನ್ಸಿಯವರನ್ನು ಕೇಳಿದೆ. ಅಂಥದ್ದೇನೂ ಇಡುವುದಿಲ್ಲ ಅಂದರು. ನಾನು ಯಾರು, ಪಾಠ ಮಾಡಿದ ಅನುಭವ ಇದೆಯಾ ಅಂತಲೂ ಅವರು ಕೇಳಿರಲಿಲ್ಲ. ದುಡ್ಡು ಬಂದಿದೆಯಾ ಅಂತ ಮಾತ್ರ ನೋಡಿದ್ದರು. ಲಮ್‌ಜುಂಗ್‌ನ ಹೆಡ್ ಸರ್ ಫೋನಿನಲ್ಲಿ ಕೇಳಿದ ಮೊದಲ ಮಾತೇ, 'ಹಳೇ ಶಾಲೆಯಿಂದ ಒಂದು ಪತ್ರ ತರ್ತೀರಾ?' ಮಕ್ಕಳ ಮಧ್ಯೆ ಬಿಡುವಾಗ ಇಷ್ಟನ್ನಾದರೂ ಕೇಳಬೇಕು, ಅಲ್ವಾ?

ಇನ್ನು ದುಡ್ಡಿನ ವಿಷಯ. ಹೊರಡುವ ಹಿಂದಿನ ರಾತ್ರಿ ದೀದಿ ಜೊತೆ ಅಡುಗೆಮನೆಯಲ್ಲಿ ಕೂತಿದ್ದೆ. ನಾನು ಎಷ್ಟು ಕಟ್ಟಿದೆ ಅಂತ ಕೇಳಿದರು, ಹೇಳಿದೆ. ನಮ್ಮ ಒಂದು ರೂಪಾಯಿಗೆ ಅವರದು 1.60. ಮಗನ ಪೆನ್ಸಿಲ್ ತೆಗೆದುಕೊಂಡು ಹಳೇ ಕ್ಯಾಲೆಂಡರ್ ಹಿಂದೆ ಗುಣಿಸಿದರು. 60,800 ಬಂತು. ಅದರ ಕೆಳಗೆ ಅವರಿಗೆ ಸಿಕ್ಕಿದ್ದು ಬರೆದರು. ಒಂದು ರಾತ್ರಿಗೆ 500ರಂತೆ 28 ರಾತ್ರಿಗೆ 14,000. ಅದರಲ್ಲೇ ನನ್ನ ಎರಡು ಹೊತ್ತಿನ ಊಟ, ಟೀ, ಬಿಸಿನೀರು ಎಲ್ಲ. ಶಾಲೆಗೆ ಎಷ್ಟು ಹೋಯಿತು ಅಂತ ಕೇಳಿದೆ. ಬಣ್ಣದ ಪೆನ್ಸಿಲ್ ಬಾಕ್ಸ್ ಬಂದಿತ್ತು ಅಂದರು. ಆ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಒಲೆಗೆ ಹಾಕಿಬಿಟ್ಟರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ವೀಸಾದ ಬಗ್ಗೆ ಒಂದು ಮಾತು. ಭಾರತದವರಿಗೆ ನೇಪಾಳಕ್ಕೆ ವೀಸಾ ಬೇಡ. 1950ರ ಒಪ್ಪಂದದಿಂದ ನಾವು ಅಲ್ಲಿ, ಅವರು ಇಲ್ಲಿ ಇರಬಹುದು, ದುಡಿಯಬಹುದು. ದೀದಿ ಮನೆಯಲ್ಲಿದ್ದ ಯುರೋಪಿನ ಇಬ್ಬರು ಹುಡುಗಿಯರು ಟೂರಿಸ್ಟ್ ವೀಸಾದಲ್ಲಿ ಬಂದಿದ್ದರು. ಆ ವೀಸಾದಲ್ಲಿ ಸಂಬಳ ಇಲ್ಲದ ಕೆಲಸಕ್ಕೂ ಅವಕಾಶ ಇಲ್ಲ. ಏಜೆನ್ಸಿ ಇದನ್ನು ಅವರಿಗೆ ಹೇಳಿಯೇ ಇರಲಿಲ್ಲ. ನಮಗೆ ಆ ಭಯವಿಲ್ಲ. ವಿಮಾನದಲ್ಲಿ ಹೋಗುವುದಾದರೆ ಆಧಾರ್ ನಂಬಿಕೊಂಡು ಹೋಗಬೇಡಿ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲಿ.

ಲಮ್‌ಜುಂಗ್‌ಗೆ ಹೋಗಿದ್ದು ಆಗಸ್ಟ್‌ನಲ್ಲಿ, ಜಡಿಮಳೆ. ಪೃಥ್ವಿ ಹೆದ್ದಾರಿಯಲ್ಲಿ ಡುಮ್ರೆ ತನಕ ಬಸ್ಸು, ಅಲ್ಲಿಂದ ತಿರುಗಿ ಬೆಸಿಶಹರ್, ಆಮೇಲೆ ಜೀಪು, ಕೊನೆಗೆ ಒಂದೂವರೆ ಗಂಟೆ ಕಲ್ಲು ಮೆಟ್ಟಿಲು. ಗುರುಂಗ್ ಜನರ ಊರು. ಮನೆಯಲ್ಲಿ ಆಮಾ, ಭಾರತದ ಗೂರ್ಖಾ ಪಡೆಯಲ್ಲಿದ್ದು ರಿಟೈರ್ ಆದ ಬಾ (ಅಂದರೆ ಅಪ್ಪ), ಸೊಸೆ, ಇಬ್ಬರು ಮೊಮ್ಮಕ್ಕಳು. ಮಗ ಕತಾರ್‌ನಲ್ಲಿ. ಆ ಊರಿನ ಅರ್ಧ ಮನೆಗಳ ಕಥೆ ಇದೇ.

ಎರಡನೇ ದಿನ ಸಂಜೆ ಆಮಾ ಒಲೆ ಮೇಲೆ ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಸಿ ಕಪ್ಪು ಹಿಟ್ಟು ಸುರಿದರು. ಮರದ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವತೊಡಗಿದರು. ವಾಸನೆ ಮೂಗಿಗೆ ಬಡಿದ ತಕ್ಷಣ ನಾನು ಎದ್ದು ನಿಂತೆ. ರಾಗಿ! ಅವರು ಅದನ್ನು ಕೋದೊ ಅನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಕೋಡೊ ಅಂತ ಮಾರುವುದು ಹಾರಕ, ಇದು ಅದಲ್ಲ, ಅಪ್ಪಟ ರಾಗಿ. ಅವರ ಢಿಂಡೊ ಅಂದರೆ ನಮ್ಮ ಮುದ್ದೆಯೇ. ಉಂಡೆ ಕಟ್ಟುವುದಿಲ್ಲ ಅಷ್ಟೇ, ತಟ್ಟೆಗೆ ಗುಡ್ಡೆ ಹಾಕುತ್ತಾರೆ. ಜೊತೆಗೆ ಗುಂದ್ರುಕ್, ಅಂದರೆ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿಟ್ಟು ಮಾಡುವ ಸಾರು. ನಾನು ಕೈ ಒದ್ದೆ ಮಾಡಿಕೊಂಡು ಒಂದು ಉಂಡೆ ಕಟ್ಟಿ ಆಮಾ ತಟ್ಟೆಗಿಟ್ಟೆ. ಅವರು ಅದನ್ನು ಒಂದು ಕಡೆಯಿಂದ ಮುರಿದು ಸಾರಿನಲ್ಲಿ ಅದ್ದಿದರು. ಅಗಿಯದೆ ನುಂಗಿದರು, ನಮ್ಮಜ್ಜಿ ನುಂಗುತ್ತಿದ್ದ ಹಾಗೆಯೇ. ಆ ಮನೆ ನನ್ನದಾಯಿತು ಅನ್ನಿಸಿದ್ದು ಆ ಹೊತ್ತಿಗೆ. ಅಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು 'ಖಾನಾ ಖಾನುಭಯೊ?' ಅಂತ. ನಮ್ಮ 'ಊಟ ಆಯ್ತಾ?'ನೇ.

ಪಾಠವೂ ಆ ಒಲೆ ಮುಂದೆಯೇ ಜಾಸ್ತಿ ಆಯಿತು. ಮೊಮ್ಮಗಳು ಎಂಟನೇ ಕ್ಲಾಸು. ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ 'ಐ ಆಮ್ ಪೀಲ್ ಪೊಟೇಟೊ' ಅಂದಳು. 'ಪೀಲಿಂಗ್' ಅಂದೆ. ಮಾರನೇ ದಿನ ದಾರಿಯಲ್ಲಿ 'ಮಿಸ್, ಐ ಆಮ್ ವಾಕಿಂಗ್' ಅಂತ ಅವಳೇ ಶುರು ಮಾಡಿದಳು. ಒಂದು ವಾರದಲ್ಲಿ ಪಕ್ಕದ ಮನೆಗಳ ಮಕ್ಕಳೂ ಸಂಜೆ ಒಲೆ ಸುತ್ತ ಬಂದು ಕೂರುತ್ತಿದ್ದರು. ಹತ್ತನೇ ಕ್ಲಾಸಿನ ಇಬ್ಬರು ಹುಡುಗರು ಎಸ್‌ಇಇ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ತರುತ್ತಿದ್ದರು. ಅಲ್ಲಿನ ಮಕ್ಕಳು 'ವೆರಿ'ಯನ್ನು 'ಭೆರಿ' ಅನ್ನುತ್ತಾರೆ, 'ಸ್ಕೂಲ್' ಅನ್ನು 'ಇಸ್ಕೂಲ್' ಅನ್ನುತ್ತಾರೆ. ಕೆಳತುಟಿಯನ್ನು ಹಲ್ಲಿಗೆ ತಾಗಿಸಿ 'ವ' ಹೇಳುವುದನ್ನು ಒಲೆ ಬೆಳಕಿನಲ್ಲಿ ಒಬ್ಬೊಬ್ಬರಿಗೂ ತೋರಿಸಿದೆ. ಪ್ಯಾಕೇಜ್ ಮನೆಯಲ್ಲಿ ಇದು ಆಗುತ್ತಿರಲಿಲ್ಲ. ಅಲ್ಲಿ ನಮಗೆ ಬೇರೆ ಊಟದ ಕೋಣೆ ಇತ್ತು.

ಇನ್ನು ಆಮಾ ಮನೆಯಲ್ಲಿ ನನ್ನನ್ನು ನಿಜವಾಗಿ ಕಾಡಿದ ತೊಡಕು. ಆಮಾ ದುಡ್ಡು ತೆಗೆದುಕೊಳ್ಳಲಿಲ್ಲ.

ಬಂದ ಮೂರನೇ ದಿನ ಕೊಡಲು ಹೋದೆ. ಕೈ ಹಿಂದೆ ಕಟ್ಟಿಕೊಂಡರು. ಒಂದು ವಾರ ಬಿಟ್ಟು ಮತ್ತೆ ಕೊಟ್ಟೆ. 'ಮಗಳ ಹತ್ತಿರ ಯಾರಾದರೂ ಊಟದ ದುಡ್ಡು ಇಸ್ಕೊಳ್ತಾರಾ' ಅಂತ ಬಾ ಹಿಂದಿಯಲ್ಲಿ ಹೇಳಿದರು. ಕೇಳಲು ಹಿತವಾಗಿತ್ತು. ಆದರೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅನ್ನದ ಮೇಲೆ ಅನ್ನ ಬಡಿಸುತ್ತಾರೆ, ಮೊಟ್ಟೆ ಇದ್ದ ದಿನ ನನ್ನ ತಟ್ಟೆಗೇ ಮೊದಲು ಬೀಳುತ್ತದೆ. ಕತಾರ್‌ನಿಂದ ಮಗ ಕಳಿಸುವ ದುಡ್ಡು ಎಷ್ಟು, ಬಾ ಪೆನ್ಷನ್ ಎಷ್ಟು ಅಂತ ಕಣ್ಣಿಗೆ ಕಾಣುತ್ತಿತ್ತು. ಎರಡನೇ ಸಲ ಬಡಿಸಲು ಬಂದಾಗ ತಟ್ಟೆ ಮೇಲೆ ಕೈ ಅಡ್ಡ ಇಡತೊಡಗಿದೆ. ಹುಷಾರಿಲ್ಲವಾ ಅಂತ ಅವರಿಗೆ ಅದೇ ಚಿಂತೆಯಾಯಿತು.

ದುಡ್ಡು ಬೇಡವಾದರೆ ಸಾಮಾನು ಕೊಡೋಣ ಅಂತ ಬೆಸಿಶಹರ್‌ನಿಂದ ಅಕ್ಕಿ ಮೂಟೆ ತರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಹೊತ್ತು ತಂದ ಹುಡುಗ ಅದನ್ನು ಅಂಗಳದಲ್ಲಿ ಇಳಿಸಿದಾಗ ಅಕ್ಕಪಕ್ಕದವರೆಲ್ಲ ನೋಡಿದರು. ಆಮಾ ಮುಖ ಸಣ್ಣದಾಯಿತು. 'ನಮ್ಮನೇಲಿ ಅಕ್ಕಿ ಇಲ್ಲ ಅಂದ್ಕೊಂಡ್ಯಾ?' ಅಂದರು. ಅವತ್ತು ರಾತ್ರಿ ಒಲೆ ಮುಂದೆ ಯಾರೂ ಜಾಸ್ತಿ ಮಾತಾಡಲಿಲ್ಲ. ಆ ಮೂಟೆ ಒಂದು ವಾರ ಜಗಲಿ ಮೇಲೆ ಹಾಗೇ ಕೂತಿತ್ತು.

ಬಿಡಿಸಿದ್ದು ಹೆಡ್ ಸರ್. ಗುರುಂಗ್ ಊರುಗಳಲ್ಲಿ ಆಮಾ ಸಮೂಹ ಅಂತ ತಾಯಂದಿರ ಗುಂಪು ಇರುತ್ತದೆ. ದಾರಿ ರಿಪೇರಿ, ಶಾಲೆಗೆ ಚಂದಾ, ಬಂದವರಿಗೆ ಸ್ವಾಗತ, ಎಲ್ಲದಕ್ಕೂ ಅವರೇ. ಅವರ ಮೀಟಿಂಗಿನಲ್ಲಿ ಸರ್ ವಿಷಯ ಎತ್ತಿದರು. ಈ ಮಿಸ್ ಹೋದ ಮೇಲೆ ಇನ್ನೊಬ್ಬರು ಬಂದರೆ ಯಾವ ಮನೆಯವರು ಇಟ್ಟುಕೊಳ್ಳುತ್ತೀರಿ, ಎಷ್ಟಕ್ಕೆ ಅಂತ ಕೇಳಿದರು. ತಿಂಗಳಿಗೆ 15,000 ನೇಪಾಳಿ ರೂಪಾಯಿ ಅಂತ ಅವರೇ ರೇಟು ಕಟ್ಟಿದರು. ಈಗ ಅದು ಊರಿನ ಲೆಕ್ಕವಾಯಿತು, ಆಮಾಗೆ ಮುಜುಗರ ಇಲ್ಲ. ದುಡ್ಡನ್ನು ಸೊಸೆ ಕೈಗೆ ಕೊಟ್ಟೆ, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ತಾಗಿಸಿ, ಅವರ ರೀತಿಯಲ್ಲೇ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಕ್ಕಿ ಮೂಟೆ ಒಳಗೆ ಹೋಯಿತು.

ಹಾಗಾಗಿ ನೇರವಾಗಿ ಹೋಗುವವರು ಹೊರಡುವ ಮೊದಲೇ, ಮೂರನೆಯವರ ಮೂಲಕ ಇದನ್ನು ಮಾತಾಡಿ ಮುಗಿಸಿ. ಅಡುಗೆಮನೆ ನಡೆಸುವವರ ಕೈಗೇ ದುಡ್ಡು ಸೇರಲಿ. 2023ರಲ್ಲಿ ನಮ್ಮ 100 ರೂಪಾಯಿಗಿಂತ ದೊಡ್ಡ ನೋಟು ಅಲ್ಲಿ ನಡೆಯುತ್ತಿರಲಿಲ್ಲ. ಬೆಸಿಶಹರ್‌ನ ಎಟಿಎಂನಿಂದ ನೇಪಾಳಿ ದುಡ್ಡು ತೆಗೆದೇ ಬೆಟ್ಟ ಹತ್ತಬೇಕಾಗಿತ್ತು.

ಎರಡೂ ಕಡೆ ಇದ್ದ ಇನ್ನೊಂದು ಕಷ್ಟ ಹಿಂದಿ. ಟಿವಿ ನೋಡಿ ಮಕ್ಕಳಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಭಾರತದವರು ಅಂದ ಕೂಡಲೇ ಅದಕ್ಕೇ ಜಾರುತ್ತಾರೆ. ನಾನೂ ಜಾರಿದರೆ ಇಂಗ್ಲಿಷ್ ಮುಗಿಯಿತು. ಶಾಲೆಯ ಗೇಟಿನೊಳಗೆ ಹಿಂದಿ ಇಲ್ಲ ಅಂತ ನಿಯಮ ಮಾಡಿದೆ. ಲಮ್‌ಜುಂಗ್‌ನಲ್ಲಿ ಅದು ನಿಂತಿತು, ಯಾಕೆಂದರೆ ಎರಡು ತಿಂಗಳು ಸಿಕ್ಕಿತು. ನಾಲ್ಕು ವಾರದಲ್ಲಿ ಹಳೇ ಅಭ್ಯಾಸವೇ ಬಿಡುವುದಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಆಮಾ ಮನೆಯಲ್ಲಿ ಸ್ನಾನ ಅಂಗಳದ ನಲ್ಲಿ ಕೆಳಗೆ, ಕಕ್ಕಸು ಮನೆಯಿಂದ ಇಪ್ಪತ್ತು ಹೆಜ್ಜೆ. ಮಳೆಗಾಲದಲ್ಲಿ ಇಂಬಳ ವಿಪರೀತ, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಉಪ್ಪು ಕಟ್ಟಿದ ಬಟ್ಟೆ ಕೈಯಲ್ಲಿರಲಿ. ನೆಟ್‌ವರ್ಕ್ ಶಾಲೆಯ ಹಿಂದಿನ ದಿಬ್ಬದಲ್ಲಿ ಮಾತ್ರ. ನಾನಿದ್ದಾಗ ರಜೆ ಶನಿವಾರ ಮಾತ್ರ, ಭಾನುವಾರ ಶಾಲೆ ಇರುತ್ತಿತ್ತು. ಬೆಳಗ್ಗೆ 9ಕ್ಕೇ ಪೂರ್ತಿ ಊಟ, 10ಕ್ಕೆ ಪ್ರಾರ್ಥನೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ.

ಲೆಕ್ಕ ಹಾಕಿದರೆ ಲಮ್‌ಜುಂಗ್‌ನ ಎರಡು ತಿಂಗಳಿಗೆ 30,000 ನೇಪಾಳಿ ರೂಪಾಯಿ, ನಮ್ಮ 18,750. ಅಷ್ಟೂ ಆ ಮನೆಗೇ ಹೋಯಿತು. ಪ್ಯಾಕೇಜಿನ ಒಂದು ತಿಂಗಳಿಗೆ ಅದರ ಎರಡರಷ್ಟು ಕೊಟ್ಟಿದ್ದೆ. ಐದಕ್ಕೆ ಏಳುವವಳು ನಾನು, ತಣ್ಣೀರು ಅಭ್ಯಾಸ, ಮುದ್ದೆ ಇದ್ದರೆ ಬೇರೆ ಏನೂ ಬೇಡ. ನನಗೆ ಇದೇ ಸರಿ. ಬಾಗಿಲು ಹಾಕಿಕೊಂಡು ಒಬ್ಬರೇ ಇರಬೇಕು, ರೂಮಿಗೇ ಬಾತ್‌ರೂಮ್ ಬೇಕು ಅನ್ನುವವರಿಗೆ ಆಮಾ ಮನೆ ಕಷ್ಟ. ಎರಡೇ ವಾರ ರಜೆ ಇದ್ದರೆ ದಯವಿಟ್ಟು ಕ್ಲಾಸಿಗೆ ಹೋಗಬೇಡಿ. ಲಮ್‌ಜುಂಗ್‌ನ ಘಲೆಗಾಂವ್, ಸ್ಯಾಂಗ್ಜಾದ ಸಿರುಬಾರಿ ಕಡೆ ಊರಿನವರೇ ನಡೆಸುವ ಹೋಂಸ್ಟೇಗಳಿವೆ. ಅತಿಥಿಯಾಗಿ ಇದ್ದು ಬನ್ನಿ.

ನಾನು ದಸರಾಕ್ಕೆ, ಅಂದರೆ ಅವರ ದಶೈನ್‌ಗೆ ಶಾಲೆ ಮುಚ್ಚುವ ಹೊತ್ತಿಗೆ ವಾಪಸ್ ಬಂದೆ. ಎಲ್ಲಿಗೆ ನಿಲ್ಲಿಸಿದೆ ಅಂತ ಪ್ರತಿ ಕ್ಲಾಸಿಗೂ ಎರಡೆರಡು ಪುಟ ಬರೆದು ಹೆಡ್ ಸರ್ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅವರ ಹೊಸ ಶಾಲಾ ವರ್ಷ ಶುರುವಾಗುವುದು ವೈಶಾಖದಲ್ಲಿ, ನಮ್ಮ ಏಪ್ರಿಲ್ ಮಧ್ಯಕ್ಕೆ. ಮುಂದಿನ ಸಲ ಆಗಲೇ ಹೋಗಬೇಕು ಅಂತಿದ್ದೇನೆ. ಆಮಾ ಕೇಳಿದ್ದು ಒಂದೇ, ನಮ್ಮ ಕಡೆಯ ಮುದ್ದೆ ಕೋಲು.